ಬಣ್ಣ ಬಿಡಿ, ಸದ್ದು ಕೇಳಿ

ಬ್ರಿಟನ್ನಿನ ಮಿಡತೆ ಕೈಪಿಡಿ ಹಿಡಿದು ಐರ್ಲೆಂಡಿನ ಹುಲ್ಲಿಗಿಳಿಯುವವರು ಮೊದಲು ಅದರಲ್ಲೊಂದು ಪುಟವನ್ನು ಮಡಚಿಡಬೇಕು. ಬ್ರಿಟನ್ನಿನ ಹುಲ್ಲುಗಾವಲಲ್ಲಿ ಹೆಜ್ಜೆಗೊಂದು ಸಿಗುವ ಸ್ಯೂಡೋಕಾರ್ತಿಪಸ್ ಪ್ಯಾರಲೆಲಸ್ ಎಂಬ ಮಿಡತೆ ಐರ್ಲೆಂಡಿನಲ್ಲಿ ಇಲ್ಲವೇ ಇಲ್ಲ. ಅದರ ರೆಕ್ಕೆ ಮೋಟು, ಸಾಮಾನ್ಯವಾಗಿ ಹಾರಲಾರದು. ಹಾಗಾಗಿ ಆಗಸ್ಟಿನ ಬಿಸಿಲಲ್ಲಿ ಅಲ್ಲಿ ಹಸಿರು ಮಿಡತೆ ನೆಗೆದರೆ ಅದು ಬಹುಮಟ್ಟಿಗೆ ಒಮೋಸೆಸ್ಟಸ್ ವಿರಿಡ್ಯುಲಸ್.

‘ಬಹುಮಟ್ಟಿಗೆ’ ಅಂದದ್ದು ಬಣ್ಣವನ್ನು ನಂಬುವಂತಿಲ್ಲ ಎಂದು. ಇದರ ಗಂಡು ಕಂದುಬಣ್ಣದಲ್ಲೂ ಇರುತ್ತದೆ. ಒಣನೆಲದ ಕಾರ್ತಿಪಸ್ ಬ್ರುನಿಯಸ್ ಅಂತೂ ಕಂದು, ಬೂದು, ಹಸಿರು, ನೇರಳೆಯವರೆಗೆ ವೇಷ ಹಾಕುತ್ತದೆ. ನೋಡಬೇಕಾದದ್ದು ತಲೆಯ ಹಿಂದಿನ ಕವಚ. ಅದರ ಮೇಲೆ ಎರಡು ಬದಿಗೆರೆಗಳಿವೆ. ವಿರಿಡ್ಯುಲಸ್‌ನಲ್ಲಿ ಅವು ಮೆಲ್ಲಗೆ ಒಳಬಾಗಿರುತ್ತವೆ, ಬ್ರುನಿಯಸ್‌ನಲ್ಲಿ ಥಟ್ಟನೆ ಮುರಿದಂತೆ ಮಡಿಯುತ್ತವೆ. ಬ್ರುನಿಯಸ್‌ನ ಎದೆಯಡಿ ರೋಮವೂ ದಟ್ಟ. ಮೀಸೆಯ ತುದಿ ದಪ್ಪಗಿದ್ದು ಮೈ ತೀರ ಪುಟ್ಟದಾದರೆ ಅದು ಮರಳುದಿಬ್ಬಗಳ ಮಿರ್ಮೆಲಿಯೋಟೆಟಿಕ್ಸ್ ಮ್ಯಾಕ್ಯುಲೇಟಸ್.

ಆದರೆ ಇದಕ್ಕೆಲ್ಲ ಮಿಡತೆ ಕೈಗೆ ಸಿಗಬೇಕಲ್ಲ! ಸದ್ದಿಗೆ ಆ ತೊಂದರೆಯಿಲ್ಲ. ನಮ್ಮ ಮಲೆನಾಡಿನ ಜೀರುಂಡೆ ಹೊಟ್ಟೆಯ ಬದಿಯ ಪೊರೆ ಅದುರಿಸಿ ಕಿರುಚಿದರೆ, ಮಿಡತೆಯ ವಾದ್ಯವಿರುವುದು ತೊಡೆಯಲ್ಲಿ. ಹಿಂಗಾಲಿನ ತೊಡೆಯ ಒಳಬದಿಯಲ್ಲಿ ಸಾಲಾಗಿ ಸಣ್ಣ ಮೊಳೆಗಳಿವೆ. ಅವನ್ನು ಮುಂರೆಕ್ಕೆಯ ಉಬ್ಬುನರಕ್ಕೆ ಉಜ್ಜಿದರೆ ಹಾಡು. ಕೇಳುವ ಕಿವಿ ಹೊಟ್ಟೆಯ ಮೊದಲ ಖಂಡದಲ್ಲಿದೆ.

ಪ್ರತಿ ಜಾತಿಯ ಗಂಡಿಗೂ ಒಂದು ತಾಳ. ತುಳಿಯುವುದನ್ನು ನಿಲ್ಲಿಸಿದ ಸೈಕಲ್ಲಿನ ಚಕ್ರದಂತೆ ಟಿಕ್‌ಟಿಕ್ ಎನ್ನುತ್ತ, ಸಣ್ಣಗೆ ಶುರುವಾಗಿ ಏರುತ್ತ, 10–20 ಸೆಕೆಂಡು ಎಳೆದು ಫಕ್ಕನೆ ನಿಂತರೆ ವಿರಿಡ್ಯುಲಸ್. ಅರೆಕ್ಷಣದ ‘ಜ್ರಿಪ್’, ಒಂದೆರಡು ಸೆಕೆಂಡು ಬಿಡುವು, ಮತ್ತೆ ‘ಜ್ರಿಪ್’ ಎಂದರೆ ಬ್ರುನಿಯಸ್. ಪಕ್ಕದಲ್ಲಿ ಇನ್ನೊಂದು ಗಂಡಿದ್ದರೆ ಸರದಿಯಂತೆ ಮಾರುತ್ತರ ಕೊಡುತ್ತದೆ. ಪಶ್ಚಿಮದ ಕಾನೆಮಾರಾ ಕಡೆಯ ಜೌಗಿನಲ್ಲಿರುವ ಸ್ಟೆಥೋಫೈಮಾ ಗ್ರಾಸಮ್ ಮಾತ್ರ ಈ ಸಂಪ್ರದಾಯಕ್ಕೆ ಹೊರಗು. ಗಾತ್ರದಲ್ಲಿ ಎಲ್ಲಕ್ಕೂ ದೊಡ್ಡದಾದ ಅದು ಉಜ್ಜುವುದಿಲ್ಲ. ಹಿಂಗಾಲನ್ನು ರೆಕ್ಕೆಯ ತುದಿಗೆ ಬಡಿದು ‘ಟಕ್, ಟಕ್’ ಎನ್ನುತ್ತದೆ.

ಬಿಸಿಲು ಏರಿದಷ್ಟೂ ತಾಳ ಚುರುಕು, ಮೋಡ ಕವಿದರೆ ಮೌನ. ಐರ್ಲೆಂಡಿನಲ್ಲಿ ಮೋಡಕ್ಕೇನು ಬರ! ವಯಸ್ಸಾದವರಿಗೆ ಬಿಸಿಲಿದ್ದರೂ ಕೇಳಿಸದಿರಬಹುದು, ಈ ಹಾಡಿನ ಶ್ರುತಿ ಅಷ್ಟು ಮೇಲಿನದು. ಅಂಥವರು ಬಾವಲಿಯ ಸದ್ದು ಹಿಡಿಯುವ ಡಿಟೆಕ್ಟರನ್ನೇ ಹುಲ್ಲಿನತ್ತ ತಿರುಗಿಸುತ್ತಾರೆ.