ಆನ್‌ಲೈನ್ ಅರ್ಜಿ: ಕಡತದ ಗಾತ್ರ ಮತ್ತು ಅಂತರ್ಜಾಲ ವೇಗದ ಲೆಕ್ಕ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಸಾರ್ವಜನಿಕರು ಸೇವಾ ಸಿಂಧು ಮುಂತಾದ ಜಾಲತಾಣಗಳ ಮೂಲಕ ಅರ್ಜಿ ಸಲ್ಲಿಸುವಾಗ ದಾಖಲೆಗಳ ಪ್ರತಿಯನ್ನು ಅಪ್‌ಲೋಡ್ ಮಾಡಬೇಕಾಗುತ್ತದೆ. ಕಡತವು ನಿಗದಿತ ಗಾತ್ರವನ್ನು ಮೀರಿದಲ್ಲಿ ಸ್ವೀಕೃತವಾಗುವುದಿಲ್ಲ; ಕೊನೆಯ ದಿನದಂದು ಹೀಗಾದಲ್ಲಿ ಅರ್ಜಿಯೇ ಉಳಿದುಹೋಗಬಹುದು. ಆದುದರಿಂದ ಅರ್ಜಿದಾರರು ಈ ಕೆಳಕಂಡ ಲೆಕ್ಕವನ್ನು ಅರಿತಿರುವುದು ಸೂಕ್ತ.

ಅಳತೆಯ ಮಾನ:
8 ಬಿಟ್ = 1 ಬೈಟ್
1,000 ಬೈಟ್ = 1 ಕೆ.ಬಿ.
1,000 ಕೆ.ಬಿ. = 1 ಎಂ.ಬಿ.
1,000 ಎಂ.ಬಿ. = 1 ಜಿ.ಬಿ.

ಕೆಲವು ಗಣಕಯಂತ್ರಗಳು 1,000ದ ಬದಲು 1,024ರಂತೆ ಲೆಕ್ಕ ಹಾಕುತ್ತವೆ. 16 ಜಿ.ಬಿ. ಪೆನ್ ಡ್ರೈವ್ ಸುಮಾರು 14.9 ಜಿ.ಬಿ. ಎಂದು ತೋರುವುದು ಈ ಕಾರಣದಿಂದಲೇ, ಅದು ದೋಷವಲ್ಲ.

ಗಾತ್ರ: ಮಿತಿಯು 500 ಕೆ.ಬಿ. ಇದ್ದಲ್ಲಿ 1.5 ಎಂ.ಬಿ. ಗಾತ್ರದ ಪ್ರತಿಯು ಅದರ ಮೂರು ಪಟ್ಟಾಗುತ್ತದೆ. ಅಂತಹ ದಾಖಲೆಯನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಅಕ್ಷರಗಳು ಸ್ಪಷ್ಟವಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ವೇಗ: ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ, ಅಂತರ್ಜಾಲದ ವೇಗವನ್ನು ಬಿಟ್‌ಗಳಲ್ಲಿಯೂ ಸೂಚಿಸಲಾಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರವು ಬ್ರಾಡ್‌ಬ್ಯಾಂಡ್‌ನ ಕನಿಷ್ಠ ಡೌನ್‌ಲೋಡ್ ವೇಗವನ್ನು ಸೆಕೆಂಡಿಗೆ 2 ಮೆಗಾಬಿಟ್ ಎಂದು ನಿಗದಿಪಡಿಸಿತು. ಇದನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 250 ಕೆ.ಬಿ. ಆಗುತ್ತದೆ. ಅಪ್‌ಲೋಡ್ ವೇಗವು ಸಾಮಾನ್ಯವಾಗಿ ಡೌನ್‌ಲೋಡ್ ವೇಗಕ್ಕಿಂತ ಕಡಿಮೆ. ತಲಾ 500 ಕೆ.ಬಿ.ಯ 4 ದಾಖಲೆಗಳು, ಅಂದರೆ ಒಟ್ಟು 2 ಎಂ.ಬಿ., ಸೆಕೆಂಡಿಗೆ 256 ಕಿಲೋಬಿಟ್ ವೇಗದಲ್ಲಿ ರವಾನೆಯಾಗಲು ಕನಿಷ್ಠ 62 ಸೆಕೆಂಡುಗಳು ಬೇಕು. ಆದ್ದರಿಂದ ಸ್ವೀಕೃತಿ ಸಂಖ್ಯೆ ದೊರೆಯುವವರೆಗೂ ಪುಟವನ್ನು ಮುಚ್ಚಬಾರದು.