ಗಾಳಿ ತುಂಬದೆ ಹೊರಡದ ಬಸ್ಸು

ಡಿಪೋ ಪಕ್ಕದಲ್ಲೇ ಮನೆಯಿರುವ ಓದುಗರೊಬ್ಬರು ಕೇಳಿದ್ದಾರೆ: ‘ಬೆಳಗಿನ ಜಾವ ಡ್ರೈವರುಗಳು ಬಸ್ಸು ಸ್ಟಾರ್ಟ್ ಮಾಡಿ, ಹೊರಡದೆ ಅಲ್ಲೇ ನಿಂತಿರುತ್ತಾರಲ್ಲ, ಇಂಜಿನ್ ಬಿಸಿಯಾಗಲೆಂದೇ?’

ಇಂಜಿನ್ನಿಗಿಂತ ಹೆಚ್ಚಾಗಿ ಬ್ರೇಕಿಗಾಗಿ! ಬಸ್ಸಿನ ಬ್ರೇಕಿಗೆ ಒತ್ತಿದ ಗಾಳಿ ಬೇಕು. ಡೀಸೆಲ್ ಬಸ್ಸಿನಲ್ಲಿ ಆ ಗಾಳಿಯನ್ನು ಟ್ಯಾಂಕಿಗೆ ತುಂಬುವ ಕಂಪ್ರೆಸರ್ ತಿರುಗುವುದು ಇಂಜಿನ್ ತಿರುಗಿದಾಗ ಮಾತ್ರ. ರಾತ್ರಿ ನಿಂತಲ್ಲೇ ಒಂದಿಷ್ಟು ಗಾಳಿ ಸೋರಿರುತ್ತದೆ. ಮತ್ತೆ ಏಳೆಂಟು ಬಾರ್ ಒತ್ತಡ, ಅಂದರೆ ಕಾರಿನ ಟೈರಿನಲ್ಲಿರುವುದರ ಮೂರು ಪಟ್ಟಿಗೂ ಹೆಚ್ಚು, ಏರುವವರೆಗೆ ಕಾಯಬೇಕು.

ಡೀಸೆಲ್ ತುಂಬಿಸುವುದು, ತೊಳೆಯುವುದು, ಪಿಟ್‌ಗೆ ಇಳಿದು ತಳ ನೋಡುವುದು ಡಿಪೋದ ನಿತ್ಯದ ದುಡಿಮೆ. ನನಗೆ ಬೆರಗು ಹುಟ್ಟಿಸುವುದು ಮಾತ್ರ ಹಿಂದಿನ ಚಕ್ರದ ಬಳಿ ಅಡಗಿ ಕೂತ ಒಂದು ದಪ್ಪ ಸ್ಪ್ರಿಂಗು.

‘ಗಾಳಿ ಹೋಯಿತೆಂದರೆ ಬ್ರೇಕೂ ಹೋಯಿತು’ ಎಂದು ಬಹಳ ಜನ ನಂಬಿದ್ದಾರೆ. ಈ ಸ್ಪ್ರಿಂಗಿನ ವಿಷಯದಲ್ಲಿ ನಿಜ ಅದಕ್ಕೆ ತದ್ವಿರುದ್ಧ. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ನೋಡಿ: ಬೆರಳಿನಿಂದ ಅದುಮಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಅದುಮಿ ಹಿಡಿದಿರುವುದು ಗಾಳಿ. ಅದು ಸೋರಿ ಒತ್ತಡ ಇಳಿದಂತೆ ಸ್ಪ್ರಿಂಗು ಹಿಗ್ಗಿ ಬ್ರೇಕನ್ನು ತಾನೇ ಕಚ್ಚಿಸುತ್ತದೆ. ಗಾಳಿ ತಪ್ಪಿದರೆ ಬಂಡಿ ನಿಲ್ಲಲೇಬೇಕೆಂಬ ಈ ಉಪಾಯವನ್ನು ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲೇ ಬೇರೊಂದು ರೀತಿಯಲ್ಲಿ ರೈಲಿಗೆ ಅಳವಡಿಸಿದ್ದರು. ಕೆಡುವುದನ್ನು ತಪ್ಪಿಸಲಾಗದಿದ್ದರೆ ಕೆಟ್ಟಾಗಲೂ ಕಾಯುವಂತೆ ಮಾಡಬೇಕು ಎಂದು ಹೊಳೆಯಿತಲ್ಲ, ಎಂಥ ತಲೆ!

ಹಾಗೆಂದು ಬ್ರೇಕು ಕೈಕೊಡುವುದೇ ಇಲ್ಲ ಎಂದಲ್ಲ. ಲೈನಿಂಗ್ ಸವೆಯುತ್ತದೆ, ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಡ್ರಮ್ಮು ಕಾದು ಹಿಡಿತ ಸಡಿಲವಾಗುತ್ತದೆ. ಮಳೆಗಾಲದ ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಅದನ್ನು ಹೊರಗೆ ಬಿಡದಿದ್ದರೆ ವಾಲ್ವುಗಳಿಗೆ ತುಕ್ಕು. ಟೈರಿನಡಿ ನಿಂಬೆಹಣ್ಣು ಹಿಂಡಿಸಿ ‘ಇನ್ನು ಭಯವಿಲ್ಲ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆಯುಧಪೂಜೆಗೆ ಬಸ್ಸು ತೊಳೆದು ಬಾಳೆಕಂದು ಕಟ್ಟುವ ಸಂಭ್ರಮ ನನಗೂ ಇಷ್ಟ. ಆದರೆ ಟ್ಯಾಂಕಿನ ನೀರು ಇಳಿಸಬೇಕಾದದ್ದು ಮೆಕ್ಯಾನಿಕ್ಕಿನ ಕೈ, ನಿಂಬೆಹಣ್ಣಲ್ಲ.

ಗಾಳಿ ಬರಿದಾಗಿ ನಡುರಸ್ತೆಯಲ್ಲಿ ನಿಂತ ಬಸ್ಸನ್ನು ಹತ್ತು ಜನ ಸೇರಿ ತಳ್ಳಿದರೂ ಕದಲಿಸಲಾಗದು. ಹೊರಗಿನಿಂದ ಗಾಳಿ ಕೊಡಬೇಕು, ಇಲ್ಲವೇ ಡಿಪೋದಿಂದ ಬಂದ ಮೆಕ್ಯಾನಿಕ್ ಚಕ್ರಗಳಿಗೆ ಅಡ್ಡ ತಡೆಯಿಟ್ಟು, ಸ್ಪ್ಯಾನರ್ ಹಿಡಿದು ಆ ಸ್ಪ್ರಿಂಗನ್ನು ಬೋಲ್ಟಿನಿಂದ ಹಿಂದಕ್ಕೆ ಎಳೆದು ಕಟ್ಟಬೇಕು. ಆಮೇಲಷ್ಟೇ ಬಸ್ಸನ್ನು ಎಳೆದೊಯ್ಯಬಹುದು.