ಇಟ್ಟಿಗೆ ಮಾರುತ್ತಿದ್ದವರನ್ನು ಸ್ಟಾರ್ ಮಾಡಿದ ಲೀಗ್ ಉಳಿಯುತ್ತಾ?

ಇವತ್ತು ಫುಟ್ಬಾಲ್ ಬಗ್ಗೆ ಮಾತಾಡೋಣ. ಆದರೆ ಮೆಸ್ಸಿ, ರೊನಾಲ್ಡೊ ಆಡೋ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್. ನಿಯಮ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಇದು ಆಟಕ್ಕಿಂತ ಹೆಚ್ಚಾಗಿ ದುಡ್ಡಿನ ಕಥೆ.

2024ರ ಮಾರ್ಚ್ 30. ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಕ್ರೀಡಾಂಗಣ. ಯುಎಫ್‌ಎಲ್, ಅಂದರೆ ಯುನೈಟೆಡ್ ಫುಟ್ಬಾಲ್ ಲೀಗ್‌ನ ಮೊದಲ ದಿನ. ಮಿಷಿಗನ್ ಪ್ಯಾಂಥರ್ಸ್ ತಂಡ ಹಿಂದಿದೆ, ಕೆಲವೇ ಸೆಕೆಂಡ್ ಬಾಕಿ. ಜೇಕ್ ಬೇಟ್ಸ್ ಎಂಬ ಕಿಕ್ಕರ್ 64 ಗಜ ದೂರದಿಂದ ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಿದರು. ಎದುರಾಳಿ ಟೈಮ್‌ಔಟ್ ಕೇಳಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಮತ್ತೆ ಒದ್ದರು. ಮತ್ತೆ ಅದೇ ಜಾಗಕ್ಕೆ! ಪ್ಯಾಂಥರ್ಸ್ ಗೆದ್ದಿತು.

ಈ ಲೀಗ್‌ಗೆ ಬರೋ ಮೊದಲು ಬೇಟ್ಸ್ ಇಟ್ಟಿಗೆ ಮಾರುವ ಕೆಲಸ ಮಾಡುತ್ತಿದ್ದರು. ಅದೇ ವರ್ಷ ಎನ್‌ಎಫ್‌ಎಲ್‌ನ ಡೆಟ್ರಾಯಿಟ್ ಲಯನ್ಸ್ ಅವರನ್ನು ಸೇರಿಸಿಕೊಂಡಿತು. ಲಯನ್ಸ್ ಆಡೋದೂ ಅದೇ ಫೋರ್ಡ್ ಫೀಲ್ಡ್‌ನಲ್ಲಿ. ಆದರೆ ಅವರನ್ನು ಬೆಳಕಿಗೆ ತಂದ ಪ್ಯಾಂಥರ್ಸ್? 2026ರ ಋತುವಿಗೆ ಆ ತಂಡವನ್ನೇ ಕೈಬಿಡಲಾಯಿತು.

ಹಾಗಾದ್ರೆ ಈ ಲೀಗ್ ಉಳಿಯುತ್ತಾ?

ಮೊದಲು ಲೆಕ್ಕ ನೋಡಿ. ಎನ್‌ಎಫ್‌ಎಲ್‌ನಲ್ಲಿ 32 ತಂಡ, ತಂಡಕ್ಕೆ 53 ಜನ. ಒಟ್ಟು 1,700ಕ್ಕಿಂತ ಕಡಿಮೆ ಜಾಗ. ಕಾಲೇಜು ತಂಡಗಳಿಂದ ಪ್ರತಿ ವರ್ಷ ಹೊರಬರೋ ಆಟಗಾರರು ಸಾವಿರಾರು. ಎನ್‌ಎಫ್‌ಎಲ್ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಫೆಬ್ರುವರಿಯಲ್ಲಿ ಮುಗಿಯುತ್ತೆ. ಆಮೇಲೆ ವಸಂತ ಪೂರ್ತಿ ಟಿವಿಯಲ್ಲಿ ದೊಡ್ಡ ಫುಟ್ಬಾಲ್ ಇಲ್ಲ. ಆಟಗಾರರಿದ್ದಾರೆ, ಸಮಯವೂ ಖಾಲಿ ಇದೆ. ಒಂದು ಲೀಗ್ ಮಾಡಿದರೆ ಓಡಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ.

ಅನ್ನಿಸಿದೆ ಕೂಡ, ಹಲವು ಸಲ. 1983ರಲ್ಲಿ ಯುಎಸ್‌ಎಫ್‌ಎಲ್ ಬಂತು. ಮೂರು ಋತು ಆಡಿ, ಎನ್‌ಎಫ್‌ಎಲ್‌ಗೆ ಎದುರಾಗಿ ಶರತ್ಕಾಲಕ್ಕೆ ಹೋಗ್ತೀವಿ ಅಂತ ಹೊರಟಿತು. 1986ರಲ್ಲಿ ಎನ್‌ಎಫ್‌ಎಲ್ ವಿರುದ್ಧದ ಏಕಸ್ವಾಮ್ಯದ ಕೇಸನ್ನೂ ಗೆದ್ದಿತು. ಸಿಕ್ಕ ಪರಿಹಾರ ಎಷ್ಟು ಗೊತ್ತಾ? 1 ಡಾಲರ್! ಕಾನೂನಿನಂತೆ ಅದು ಮೂರು ಪಟ್ಟಾಗಿ 3 ಡಾಲರ್ ಆಯಿತು. ಲೀಗ್ ಮುಗಿಯಿತು. 2001ರ ಎಕ್ಸ್‌ಎಫ್‌ಎಲ್ ಒಂದೇ ಋತು. 2019ರ ಎಎಎಫ್ ಎಂಟು ವಾರ. ಅದು ದಿಢೀರ್ ನಿಂತಾಗ ಊರಿಗೆ ಹೋಗೋ ಟಿಕೆಟನ್ನು ತಾವೇ ಕೊಳ್ಳಬೇಕಾಯಿತು ಅಂತ ಆಟಗಾರರು ಹೇಳಿಕೊಂಡಿದ್ದರು. 2020ರಲ್ಲಿ ಮತ್ತೆ ಬಂದ ಎಕ್ಸ್‌ಎಫ್‌ಎಲ್‌ಗೆ ಐದೇ ವಾರದಲ್ಲಿ ಕೋವಿಡ್ ಅಡ್ಡ ಬಂತು. ನಟ ಡ್ವೇನ್ ಜಾನ್ಸನ್ ಮತ್ತು ಪಾಲುದಾರರು ಅದನ್ನು 1.5 ಕೋಟಿ ಡಾಲರ್‌ಗೆ ಕೊಂಡರು. ಇತ್ತ 2022ರಲ್ಲಿ ಫಾಕ್ಸ್ ಕಂಪನಿ ಯುಎಸ್‌ಎಫ್‌ಎಲ್ ಹೆಸರಿಗೆ ಮರುಜೀವ ಕೊಟ್ಟಿತು. ಇವೆರಡೂ ಸೇರಿ ಆದದ್ದೇ ಈಗಿನ ಯುಎಫ್‌ಎಲ್.

ಯಾಕೆ ಹೀಗೆ? ಬೇಸ್‌ಬಾಲ್‌ನಲ್ಲಿ ಕೆಳಹಂತದ ಆಟಗಾರರ ಸಂಬಳವನ್ನು ಮೇಲಿನ ದೊಡ್ಡ ಕ್ಲಬ್‌ಗಳೇ ಕೊಡುತ್ತವೆ. ನಮ್ಮಲ್ಲಿ ರಣಜಿ ಟ್ರೋಫಿ ನಡೆಸೋದು ಬಿಸಿಸಿಐ. ಎನ್‌ಎಫ್‌ಎಲ್‌ಗೆ ಆ ಅಗತ್ಯವೇ ಇಲ್ಲ, ಆಟಗಾರರನ್ನು ಕಾಲೇಜುಗಳೇ ತಯಾರು ಮಾಡಿ ಕೊಡುತ್ತವೆ. ಹಿಂದೆ ಎನ್‌ಎಫ್‌ಎಲ್ ಯೂರೋಪ್ ಎಂಬ ಲೀಗ್ ನಡೆಸಿತ್ತು. ಅಲ್ಲಿ ಆಮ್‌ಸ್ಟರ್‌ಡಾಮ್ ಪರ ಆಡಿದ ಕರ್ಟ್ ವಾರ್ನರ್ ಮುಂದೆ ಸೂಪರ್ ಬೌಲ್ ಗೆದ್ದರು. ಆದರೂ ನಷ್ಟ ತಾಳಲಾರದೆ 2007ರಲ್ಲಿ ಅದನ್ನು ಮುಚ್ಚಿದರು.

ಇದರಲ್ಲೇ ಇನ್ನೊಂದು ತೊಡಕಿದೆ. ಅಭಿಮಾನಿ ಒಬ್ಬ ಆಟಗಾರನನ್ನು ಮೆಚ್ಚಿಕೊಳ್ಳುವಷ್ಟರಲ್ಲಿ ಅವನು ಮೇಲಿನ ಲೀಗ್‌ಗೆ ಹೋಗಿಬಿಡುತ್ತಾನೆ. ಲೀಗ್ ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಅದರ ಸ್ಟಾರ್‌ಗಳು ಖಾಲಿ.

ಹಾಗಂತ ಯುಎಫ್‌ಎಲ್ ಕೈಚೆಲ್ಲಿ ಕೂತಿಲ್ಲ. ಇರೋದು ಎಂಟೇ ತಂಡ. ಮೊದಲೆರಡು ವರ್ಷ ಖರ್ಚು ಉಳಿಸಲು ಎಲ್ಲ ತಂಡಗಳೂ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲೇ ಅಭ್ಯಾಸ ಮಾಡಿ, ಪಂದ್ಯಕ್ಕೆ ಮಾತ್ರ ತಮ್ಮ ಊರಿಗೆ ಹೋಗುತ್ತಿದ್ದವು. 2026ಕ್ಕೆ ಮೆಂಫಿಸ್, ಮಿಷಿಗನ್, ಸ್ಯಾನ್ ಆಂಟೋನಿಯೊ ಬಿಟ್ಟು ಕೊಲಂಬಸ್, ಲೂಯಿವಿಲ್, ಒರ್ಲ್ಯಾಂಡೊ ನಗರಗಳಿಗೆ ಹೋದರು. ಅಲ್ಲಿರೋದು ಸಾಕರ್‌ಗೆ ಕಟ್ಟಿದ ಸಣ್ಣ ಕ್ರೀಡಾಂಗಣಗಳು. ಫೋರ್ಡ್ ಫೀಲ್ಡ್‌ನಲ್ಲಿ ಸುಮಾರು 65,000 ಕುರ್ಚಿ. ಅಲ್ಲಿ 10,000 ಜನ ಬಂದರೂ ಟಿವಿಯಲ್ಲಿ ಖಾಲಿ ಕಾಣುತ್ತೆ. ಸಣ್ಣ ಜಾಗದಲ್ಲಿ ಅದೇ ಜನ ಜಾತ್ರೆ.

ಟಿವಿ ಮುಖ್ಯ, ಯಾಕಂದ್ರೆ ಫಾಕ್ಸ್ ಇಲ್ಲಿ ಮಾಲೀಕನೂ ಹೌದು, ಪ್ರಸಾರಕನೂ ಹೌದು. 2024ರಲ್ಲಿ ಪಂದ್ಯಕ್ಕೆ ಸರಾಸರಿ 8 ಲಕ್ಷದಷ್ಟು ಜನ ನೋಡುತ್ತಿದ್ದರು. 2025ರಲ್ಲಿ ಅದು ಇಳಿಯಿತು. ಇನ್ನೊಂದೆಡೆ, 2016ರಲ್ಲಿ ಎನ್‌ಎಫ್‌ಎಲ್ ತಂಡ ಕಳೆದುಕೊಂಡ ಸೇಂಟ್ ಲೂಯಿಸ್‌ನಲ್ಲಿ ಬ್ಯಾಟಲ್‌ಹಾಕ್ಸ್ ನೋಡಲು ಹತ್ತಾರು ಸಾವಿರ ಜನ ಸೇರುತ್ತಾರೆ. ತಂಡ ‘ನಮ್ಮದು’ ಅನ್ನಿಸಿದ ಕಡೆ ಜನ ಬರುತ್ತಾರೆ.

ನನಗನ್ನಿಸೋದು ಇಷ್ಟು: ಎನ್‌ಎಫ್‌ಎಲ್ ಜೊತೆ ಪೈಪೋಟಿಗೆ ಇಳಿದರೆ ಈ ಲೀಗ್ ಉಳಿಯಲ್ಲ. ಸಣ್ಣದಾಗಿ, ತನ್ನದೇ ತಂಡವಿಲ್ಲದ ಊರುಗಳಲ್ಲಿ, ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಉಳಿಯಬಹುದು. ಉಳಿದರೆ ಲಾಭ ಯಾರಿಗೆ? 2024ರಲ್ಲಿ ಇಲ್ಲಿನ ಕನಿಷ್ಠ ಸಂಬಳ ಋತುವಿಗೆ 55,000 ಡಾಲರ್. ಎನ್‌ಎಫ್‌ಎಲ್‌ಗೆ ಹೊಸದಾಗಿ ಬಂದವರಿಗೆ 7,95,000 ಡಾಲರ್. ನಡುವಿನ ಆ ಏಣಿ ಬಿದ್ದರೆ, 64 ಗಜ ದೂರ ಒದೆಯಬಲ್ಲ ಇನ್ನೊಬ್ಬರು ಎಲ್ಲೋ ಇಟ್ಟಿಗೆ ಮಾರುತ್ತಲೇ ಇರುತ್ತಾರೆ. ನಮಗೆ ಗೊತ್ತೂ ಆಗಲ್ಲ.